ದೋಣಿಯ ಮುಸುಡಿನ ಮೇಲೆ ನನ್ನ ಗುರುತು

ನಾನು ಸಂಶಯದ ಮನುಷ್ಯ. ಹೀಗೆ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಯಾಕೆಂದರೆ ಸರ್ಕಾರ ಮೂವತ್ತೊಂದು ವರ್ಷದಿಂದ ನನಗೆ ಸಂಬಳ ಕೊಡುತ್ತಿರುವುದೇ ಸಂಶಯಪಡಲಿ ಎಂದು. ಗುಜರಾತಿನ ವಡೋದರಾದಲ್ಲಿ, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ನಾನು ಸಾಮಾನು ತಪಾಸಣೆ ಮಾಡುವವನು. ಗುತ್ತಿಗೆದಾರರು ಟಾರ್ಪಾಲು, ಕಂಬಳಿ, ಹಗ್ಗ, ಬಕೆಟ್ಟು ತಂದು ಮುಂದಿಡುತ್ತಾರೆ. ನಾನು ಎಳೆದು, ಹಿಸುಕಿ, ಮೂಸಿ ನೋಡಿ ಸರಿಯಿದೆ ಅಥವಾ ಇಲ್ಲ ಅನ್ನಬೇಕು. ಎಳೆದು ಹಿಸುಕುವ ಈ ಅಭ್ಯಾಸ ಕಚೇರಿಯ ಗೇಟಿನಲ್ಲಿ ನಿಲ್ಲುವಂಥದ್ದಲ್ಲ. ಮದುವೆಯಾದ ಹೊಸದರಲ್ಲಿ ಉಡುಪಿಯ ಹತ್ತಿರದ ಅತ್ತೆಮನೆಗೆ ಹೋಗಿದ್ದಾಗ, ಹಾಸಿಗೆಯ ಅಂಚಿನ ಹೊಲಿಗೆ ಬಿಚ್ಚಿ ಒಳಗಿನ ಹತ್ತಿ ಎಂಥದ್ದು ಅಂತ ನೋಡುತ್ತಿದ್ದವನು ಮಾವನವರ ಕೈಗೆ ಸಿಕ್ಕಿಬಿದ್ದೆ. ನನ್ನ ಹೆಂಡತಿ ಸುಮತಿ ಅದನ್ನು ಇವತ್ತಿಗೂ ಮರೆತಿಲ್ಲ, ಬೇರೆಯವರಿಗೆ ಮರೆಯಲು ಬಿಟ್ಟೂ ಇಲ್ಲ.

ನಮ್ಮ ಕೆಲಸದಲ್ಲಿ ಮಾಲು ನೋಡುವುದು ಕಷ್ಟವಲ್ಲ, ನೋಡಿದ ಮೇಲಿನದ್ದು ಕಷ್ಟ. ನಾವು ಪಾಸು ಮಾಡಿದ ಮಾಲೇ ಗೋದಾಮು ಸೇರುತ್ತದೆ ಅನ್ನುವುದಕ್ಕೆ ಏನು ಆಧಾರ? ದಾರಿಯಲ್ಲಿ ಲಾರಿ ಎಲ್ಲೋ ನಿಲ್ಲುತ್ತದೆ, ಡ್ರೈವರ್ ಚಹಾ ಕುಡಿಯುತ್ತಾನೆ, ಅಷ್ಟರಲ್ಲಿ ಒಳ್ಳೆಯ ಟಾರ್ಪಾಲು ಇಳಿದು ಜರಡಿಯಂಥದ್ದು ಏರುತ್ತದೆ. ಇಲಾಖೆಯ ಮೊಹರು ಅಂತ ಒಂದು ಇದೆ ನಿಜ, ಆದರೆ ಅದನ್ನು ನಮಗಿಂತ ಅಂದವಾಗಿ ಒತ್ತುವವರು ಹೊರಗಿದ್ದಾರೆ ಎಂಬುದು ನನ್ನ ಗುಮಾನಿ. ಅದಕ್ಕೇ ನಾನು ಸ್ವಂತದ್ದೊಂದು ಗುಟ್ಟಿನ ಗುರುತು ಇಟ್ಟುಕೊಂಡಿದ್ದೇನೆ. ಜೇಬಿನಲ್ಲಿ ಸದಾ ಒಂದು ಮೇಣದಬತ್ತಿಯ ತುಂಡು. ಯಾರೂ ನೋಡದಿದ್ದಾಗ ಮಾಲಿನ ಮೂಲೆಯಲ್ಲಿ ಅದರಿಂದ 'ಈ' ಎಂದು ಬರೆಯುತ್ತೇನೆ. ನನ್ನ ಹೆಸರು ಈಶ್ವರ. ಮೇಣದ ಬರಹ ಕಣ್ಣಿಗೆ ಕಾಣುವುದಿಲ್ಲ. ಮೇಲೆ ನೀರು ಚಿಮುಕಿಸಿದರೆ ಮಾತ್ರ ನೀರು ಪಕ್ಕಕ್ಕೆ ಸರಿದು ಅಕ್ಷರ ಎದ್ದು ನಿಲ್ಲುತ್ತದೆ. ಒಂದು ವೇಳೆ ಕಂಡರೂ ಗುಜರಾತಿನಲ್ಲಿ ಅದನ್ನು ಓದುವವರು ಯಾರಿದ್ದಾರೆ? ಮೂವತ್ತೊಂದು ವರ್ಷಗಳಲ್ಲಿ ಈ ಉಪಾಯದಿಂದ ನಾನು ಹಿಡಿದದ್ದು ಒಬ್ಬನೇ ಒಬ್ಬ ಟಾರ್ಪಾಲಿನವನನ್ನು. ಸಾಹೇಬರು ಆ ದಿನ ನನ್ನ ಬೆನ್ನು ತಟ್ಟಿದ್ದರು. ಆ ಒಂದು ತಟ್ಟಿನ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ ಅಂದರೂ ತಪ್ಪಿಲ್ಲ.

ವಡೋದರಾದ ಮಂಜಲ್‌ಪುರದ ನಮ್ಮ ಮನೆಯಲ್ಲಿ ಈ ಅಕ್ಷರ ಇಲ್ಲದ ವಸ್ತು ಕಡಿಮೆ. ಛತ್ರಿಯ ಹಿಡಿ, ಮಿಕ್ಸಿಯ ಜಾರಿನ ಅಡಿ, ಸ್ಕೂಟರಿನ ಸ್ಟೆಪ್ನಿ, ಇಸ್ತ್ರಿಗೆ ಹೋಗುವ ಅಂಗಿಯ ಕಾಲರು, ಎಲ್ಲ ಕಡೆಯೂ ಪೆನ್ನಿನಲ್ಲೋ ಮೊಳೆಯಲ್ಲೋ ಬರೆದ ಒಂದು 'ಈ' ಕೂತಿರುತ್ತದೆ. ಚಳಿಗಾಲಕ್ಕೆ ಮೊದಲು ಹತ್ತಿ ಬಿಡಿಸಿ ರಜಾಯಿ ಹೊಲಿಯುವ ಪಿಂಜಾರರು ಬಂದರೆ ನಾನು ರಜೆ ಹಾಕಿ, ತಾರಸಿಯ ಮೇಲೆ ಅವರ ಎದುರಿಗೇ ಛತ್ರಿ ಹಿಡಿದು ಕೂರುತ್ತೇನೆ. ಹತ್ತಿಗೆ ಗುರುತು ಹಾಕಲು ಆಗುವುದಿಲ್ಲವಲ್ಲ. ಮಗಳು ಮೈತ್ರಿ ಹುಟ್ಟಿ ಬೆಳೆದದ್ದು ಇಲ್ಲೇ, ಈಗ ಕಾಲೇಜಿನ ಎರಡನೇ ವರ್ಷ. ಅವಳ ಗುಜರಾತಿ ಕೇಳಿದರೆ ತರಕಾರಿಯವರು ಎರಡು ಕೊತ್ತಂಬರಿ ಕಟ್ಟು ಹೆಚ್ಚಿಗೆ ಹಾಕುತ್ತಾರೆ. ಕನ್ನಡ ಮಾತ್ರ ಕುಂಟುತ್ತದೆ. ಅವಳಿಗೆ ಅಕ್ಷರಮಾಲೆ ಕಲಿಸಲು ನಾನು ಮೂರು ಬೇಸಿಗೆ ರಜೆ ಹೆಣಗಾಡಿದ್ದೇನೆ. ಪ್ರತಿ ಸಲವೂ 'ಋ' ಬರುವ ಹೊತ್ತಿಗೆ ಅವಳಿಗೆ ತಲೆನೋವು ಬರುತ್ತಿತ್ತು. ಕನ್ನಡದ ಒಂದಕ್ಷರವೂ ಇವಳ ತಲೆಯಲ್ಲಿ ನಿಲ್ಲಲಿಲ್ಲ ಎಂದು ನಾನು ಎಷ್ಟೋ ಸಲ ಕೊರಗಿದ್ದೇನೆ.

ಇಂಥ ನನಗೆ ದೀಪಾವಳಿ ಮುಗಿದ ವಾರ ಸೂರತ್ತಿನಿಂದ ಭಾವಮೈದ ರಘುರಾಮನ ಫೋನು ಬಂತು. ಸುಮತಿಯ ತಮ್ಮ ರಘುರಾಮ ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾನೆ. ಹೋಟೆಲಿಗೆ ದಿನಾ ಬರುವ ಒಬ್ಬ ಗಿರಾಕಿಯ ಸಹವಾಸದಲ್ಲಿ ಅವನಿಗೆ ವೇಗದ ದೋಣಿಯ ಹುಚ್ಚು ಹತ್ತಿ, ಇಬ್ಬರೂ ಸೇರಿ ಮುಂಬಯಿಯಿಂದ ಒಂದು ಹಳೆಯ ಮೋಟಾರು ದೋಣಿ ತಂದಿದ್ದರು. ಮೀನು ಹಿಡಿಯುವ ದೋಣಿಯಲ್ಲ, ಬರೀ ಓಡುವ ದೋಣಿ. ಓಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬಾರದು, ವಾಪಸು ಅದೇ ಜಾಗಕ್ಕೆ ಬರುತ್ತದೆ. ಚಳ್ಳಕೆರೆಯ ಕಡೆ ಹುಟ್ಟಿ, ನೀರು ಅಂದರೆ ಕೊಡದಲ್ಲಿ ಇರುವಂಥದ್ದು ಎಂದು ತಿಳಿದು ಬೆಳೆದ ನನಗೆ ಈ ಸುಖ ಅರ್ಥವಾಗಿರಲಿಲ್ಲ.

"ಭಾವ, ಒಂದು ಉಪಕಾರ ಆಗ್ಬೇಕಿತ್ತು," ಅಂದ ರಘುರಾಮ. "ದೋಣಿಯ ಮುಸುಡು ಒಡೆದುಹೋಯ್ತು ಮಾರಾಯ್ರೆ."

ಮುಸುಡು ಅಂದರೆ ಏನು ಅಂತ ವಿಚಾರಿಸಿದೆ. ದೋಣಿ ಓಡಿಸುವವನ ಮುಂದೆ ಗಾಳಿ ತಡೆಯುವ ಗಾಜು ಇರುತ್ತದೆ. ಆ ಗಾಜನ್ನು ಹಿಡಿದು ನಿಲ್ಲಿಸುವ, ಗಾಳಿಯನ್ನು ಮೇಲಕ್ಕೆ ಜಾರಿಸುವ ಉಬ್ಬಿದ ಫೈಬರಿನ ಭಾಗವೊಂದು ಇರುತ್ತದೆ. ಬಲ್ಲವರು ಅದನ್ನು ಫೇರಿಂಗ್ ಅನ್ನುತ್ತಾರಂತೆ. ಅದು ಹೇಗೆ ಒಡೆಯಿತು ಎಂದು ಕೇಳಿದೆ.

"ಹಕ್ಕಿ ಬಡ್ದದ್ದು ಭಾವ. ನೀರುಕಾಗೆ. ಇಷ್ಟು ದೊಡ್ಡದು."

ಫೋನಿನಲ್ಲಿ ಎಷ್ಟು ದೊಡ್ಡದು ಎಂದು ಕಾಣಲಿಲ್ಲ. ನಿಮ್ಮ ವಡೋದರಾದ ಗೋರ್ವಾದಲ್ಲಿ ಜಯಂತಿಭಾಯಿ ಎಂಬ ಹಿರಿಯರಿದ್ದಾರೆ, ಫೈಬರು ಮತ್ತು ಬಣ್ಣದ ಕೆಲಸದಲ್ಲಿ ಅವರನ್ನು ಬಿಟ್ಟರಿಲ್ಲ, ಒಡೆದ ಭಾಗ ಬಿಚ್ಚಿ ಅವರಲ್ಲಿಗೆ ಕಳಿಸುತ್ತೇನೆ, ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಮೊದಲು ಆಗಬೇಕು, ನೀವು ಮೇಲೆ ನಿಂತು ಮಾಡಿಸಿ, ಅಂದ. "ನೀವು ಸಂಶಯದವ್ರಲ್ವಾ ಭಾವ, ಇಂಥದ್ದಕ್ಕೆ ನೀವೇ ಆಗ್ಬೇಕು." ನನ್ನ ಗುಣವನ್ನು ನೆಂಟರ ಪೈಕಿ ಒಬ್ಬರು ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿದೆ.

ಮೂರು ದಿನದಲ್ಲಿ ಮುಸುಡು ಹಳೆಯ ಕಂಬಳಿ ಹೊದ್ದು ನಮ್ಮ ಮನೆಗೆ ಬಂತು. ಜೊತೆಗೆ ಒಂದು ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಕೆಂಪು ಚಟ್ನಿ. ತಿನ್ನಲಿಕ್ಕಲ್ಲ, ಬಣ್ಣದ ಮಾದರಿ. ಮಸಾಲೆ ದೋಸೆಯ ಒಳಗೆ ಸವರುವ ಆ ಚಟ್ನಿಯ ಬಣ್ಣವೇ ಬೇಕು ಎಂದು ಅವನ ಹಟ. ನಾನು ಕಂಬಳಿ ತೆಗೆದು ಮೊದಲು ಬಿರುಕನ್ನು ಪರೀಕ್ಷಿಸಿದೆ. ಬಿರುಕಿನ ಅಂಚಿನಲ್ಲಿ ಹಳದಿ ಬಣ್ಣದ ಸಣ್ಣ ಚೂರು ಅಂಟಿಕೊಂಡಿತ್ತು. ಹಳದಿ ಪೇಂಟು ಬಳಿದುಕೊಂಡು ಹಾರುವ ನೀರುಕಾಗೆಯನ್ನು ನಾನು ನೋಡಿಲ್ಲ. ರಘುರಾಮನ ಹೋಟೆಲಿನ ಶಟರು ಹಳದಿ. ಫೋನು ಮಾಡಿ ಅಷ್ಟನ್ನೇ ಹೇಳಿದೆ. ಆ ಕಡೆ ಅವನು ಯಾರನ್ನೋ ಗಲ್ಲಾದ ಹತ್ತಿರದಿಂದ ದೂರ ಕಳಿಸಿದ. ಆಮೇಲೆ, "ದೋಣಿ ಹೊತ್ತ ಟ್ರೈಲರು ರಿವರ್ಸು ತೆಗೀವಾಗ ಸ್ವಲ್ಪ ತಾಗಿತು ಭಾವ, ಅಕ್ಕನಿಗೆ ಹೇಳ್ಬೇಡಿ," ಅಂದ. ನನ್ನ ಸಂಶಯ ಆರಂಭದಲ್ಲೇ ಹೀಗೆ ಗೆದ್ದುಬಿಟ್ಟದ್ದು ಮುಂದಿನ ಅನಾಹುತಕ್ಕೆಲ್ಲ ಕಾರಣ ಎಂದು ಈಗ ಅನ್ನಿಸುತ್ತದೆ.

ಮೈತ್ರಿಯ ಸ್ಕೂಟರಿನ ಹಿಂದೆ ಮುಸುಡನ್ನು ತಬ್ಬಿ ಹಿಡಿದುಕೊಂಡು ಗೋರ್ವಾಕ್ಕೆ ಹೋದೆ. ಜಯಂತಿಭಾಯಿಗೆ ಎಪ್ಪತ್ತರ ಹತ್ತಿರ. ಎಣ್ಣೆ ಹಚ್ಚಿ ತಲೆಗೆ ಅಂಟಿಸಿದ ಬೆಳ್ಳನೆಯ ಕೂದಲು, ಉಗುರಿನ ಸಂದಿಯಲ್ಲಿ ಏಳು ಬಣ್ಣ. ಶೆಡ್ಡಿನ ಗೋಡೆಯ ಮೊಳೆಗೆ ಅವರ ಬಣ್ಣ ಸಿಡಿಸುವ ಗನ್ನು, ಪಕ್ಕದಲ್ಲಿ ದೇವರ ಪಟ. ಎರಡಕ್ಕೂ ಒಂದೇ ಹಾರವನ್ನು ಕತ್ತರಿಸಿ ಹಾಕಿದ್ದರು. ಚಟ್ನಿಯ ಡಬ್ಬಿ ತೆರೆದು ಮೂಸಿದರು, ಬೆರಳಿನಲ್ಲಿ ತೆಗೆದು ನಾಲಗೆಗಿಟ್ಟುಕೊಂಡರು, "ಖಾರ ಜಾಸ್ತಿ, ಆದರೆ ಬಣ್ಣ ಆಗುತ್ತದೆ," ಅಂದರು. ಕೆಲಸದ ಕ್ರಮವನ್ನು ಮೈತ್ರಿಗೆ ಗುಜರಾತಿಯಲ್ಲಿ ವಿವರಿಸಿದರು, ಅವಳು ನನಗೆ ಅರೆಗನ್ನಡದಲ್ಲಿ ದಾಟಿಸಿದಳು. ಹಳೆಯ ಬಣ್ಣವನ್ನೆಲ್ಲ ಉಜ್ಜಿ ಫೈಬರಿನ ತನಕ ತೆಗೆಯುವುದು, ಬಿರುಕನ್ನು ಒಳಗಿನಿಂದ ಹೊಸ ಪದರ ಹಾಕಿ ಮುಚ್ಚುವುದು, ಪ್ರೈಮರು, ಆಮೇಲೆ ಬಣ್ಣ. "ಈಶ್ವರಭಾಯಿ, ನನ್ನ ಕೈಯಿಂದ ಹೋದದ್ದು ಇಲ್ಲಿಯವರೆಗೆ ವಾಪಸು ಬಂದಿಲ್ಲ," ಅಂದರು ನನ್ನ ಕಡೆ ತಿರುಗಿ, ಹಿಂದಿಯಲ್ಲಿ.

ಇಂಥ ಮಾತನ್ನು ನಾನು ಎಷ್ಟು ಗುತ್ತಿಗೆದಾರರಿಂದ ಕೇಳಿಲ್ಲ! ಇವರು ಬಿರುಕಿಗೆ ಒಂದಿಷ್ಟು ಪುಟ್ಟಿ ಮೆತ್ತಿ, ಹಳೆಯ ಬಣ್ಣದ ಮೇಲೇ ಹೊಸದು ಬಳಿದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಜಯಂತಿಭಾಯಿ ಚಹಾ ಹೇಳಲು ಹೊರಗೆ ಹೋದರು. ಮೈತ್ರಿ ಫೋನು ನೋಡುತ್ತಿದ್ದಳು. ನಾನು ಜೇಬಿನಿಂದ ತುಂಡು ತೆಗೆದು ಮುಸುಡಿನ ಬಲಮೂಲೆಯಲ್ಲಿ, ಹಳೆಯ ಬಣ್ಣದ ಮೇಲೆ, ಒಂದು 'ಈ' ಬರೆದೆ. ಮೇಣ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಹಳೆಯದನ್ನು ಪ್ರಾಮಾಣಿಕವಾಗಿ ಉಜ್ಜಿ ತೆಗೆದರೆ ನನ್ನ ಗುರುತೂ ಹೋಗುತ್ತದೆ, ಹೊಸ ಬಣ್ಣ ನುಣ್ಣಗೆ ಕೂರುತ್ತದೆ. ಉಜ್ಜದೆ ಬಳಿದರೆ ಅಲ್ಲಿ ಬಣ್ಣ ಬಿಟ್ಟುಕೊಂಡು ಕಳ್ಳತನ ಬಯಲಾಗುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅವರು ತಂದ ಚಹಾವನ್ನು ಸಂತೋಷದಿಂದ ಕುಡಿದೆ.

ಹತ್ತು ದಿನದ ಮೇಲೆ ಹೋದಾಗ ಜಯಂತಿಭಾಯಿಯ ಮುಖ ಬಾಡಿತ್ತು. ಚಟ್ನಿಯ ಬಣ್ಣ ಬಲಮೂಲೆಯೊಂದನ್ನು ಬಿಟ್ಟು ಎಲ್ಲ ಕಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಲಮೂಲೆಯಲ್ಲಿ ಮಾತ್ರ ಸಿಡುಬು ಎದ್ದು ಹೋದ ಹಾಗೆ ಸಣ್ಣ ಸಣ್ಣ ಕುಳಿಗಳು. ಬಣ್ಣದವರು ಇದಕ್ಕೆ ಮೀನುಕಣ್ಣು ಅನ್ನುತ್ತಾರಂತೆ. "ಫೈಬರಿನ ತನಕ ಉಜ್ಜಿದ್ದೇನೆ ಈಶ್ವರಭಾಯಿ, ಯಾಕೆ ಹೀಗಾಯಿತು ಗೊತ್ತಾಗುತ್ತಿಲ್ಲ," ಅಂದರು. ನನಗೆ ಗೊತ್ತಾಗಿತ್ತು. ಮುದುಕ ಉಜ್ಜಿಲ್ಲ. ಮೂವತ್ತೊಂದು ವರ್ಷದಲ್ಲಿ ಎರಡನೆಯವನು ಸಿಕ್ಕಿಬಿದ್ದ. ಆದರೆ ಗುರುತಿನ ಗುಟ್ಟು ಬಿಟ್ಟುಕೊಡುವ ಹಾಗಿಲ್ಲವಲ್ಲ, ಅದಕ್ಕೆ ಗಂಭೀರವಾಗಿ, "ಥಿನ್ನರು ಎಲ್ಲಿಯದು? ಅಸಲಿಯೇ?" ಎಂದು ಕೇಳಿದೆ. ಸಂಶಯಗಾರರ ಅಭ್ಯಾಸವೇ ಹೀಗೆ, ಒಬ್ಬನ ಮೇಲೆ ಸಂಶಯವಿದ್ದರೆ ಇನ್ನೊಬ್ಬನ ಹೆಸರು ಎತ್ತುತ್ತೇವೆ. ಬಣ್ಣ ತೆಳುಮಾಡುವ ಈ ಥಿನ್ನರು ಅಹಮದಾಬಾದಿನ ವಟ್ವಾದಿಂದ ಬರುತ್ತಿತ್ತು. ಅಲ್ಲಿ ಕನುಭಾಯಿ ಅಂತ ಅವರ ಇಪ್ಪತ್ತು ವರ್ಷಗಳ ಹಳೆಯ ಸ್ನೇಹಿತ, ಅವರದೇ ಅಂಗಡಿ. "ಕನು ಕಲಬೆರಕೆ ಮಾಡುವವನಲ್ಲ," ಅಂದರು ಜಯಂತಿಭಾಯಿ. "ಹಾಗಂತ ಎಲ್ಲರೂ ಅನ್ನುತ್ತಾರೆ," ಅಂದೆ ನಾನು.

ಎರಡನೆಯ ಸಲ ಎಲ್ಲವನ್ನೂ ಉಜ್ಜಿ ತೆಗೆದು ಪ್ರೈಮರು ಹಾಕಿ ಇಟ್ಟಿದ್ದಾಗ ನಾನು ನೋಡಲು ಹೋದೆ. ಪ್ರೈಮರನ್ನೂ ಉಜ್ಜಿ ನುಣುಪು ಮಾಡಬೇಕು, ಮಾಡುತ್ತಾರೋ ಇಲ್ಲವೋ ಎಂಬ ಸಂಶಯ ನನಗೆ. ಅಲ್ಲಿಯೂ ಒಂದು 'ಈ'. ಆ ವಾರ ಬಣ್ಣ ಹಾಕಿದರು, ಮತ್ತೆ ಅದೇ ಮೂಲೆಯಲ್ಲಿ ಮೀನುಕಣ್ಣು. ಈ ಸಲ ಮುದುಕರು ನೆಟ್ಟಗೆ ವಟ್ವಾಕ್ಕೆ ಹೋಗಿ ಕನುಭಾಯಿಯ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, ಥಿನ್ನರಿನ ಡಬ್ಬವನ್ನು ಕುಕ್ಕಿ ಬಂದರಂತೆ. ಇಬ್ಬರಿಗೂ ಮಾತು ನಿಂತಿತು. ಇದನ್ನು ನನಗೆ ಹೇಳಿದವಳು ಮೈತ್ರಿ. ಅವಳು ಕಾಲೇಜಿನಿಂದ ಬರುತ್ತಾ ಈ ನಡುವೆ ಗೋರ್ವಾಕ್ಕೆ ಹೋಗಿ ಬರುತ್ತಿದ್ದಳು.

"ಪಪ್ಪಾ, ಜಯಂತಿ ದಾದಾ ಬಹಳ ಸ್ಯಾಡ್ ಇದಾರೆ," ಅಂದಳು. "ಕಂಪ್ರೆಸರ್ ಬಿಚ್ಚಿ ಇಟ್ಟಿದಾರೆ. ಏರ್ ಜೊತೆ ಆಯಿಲ್ ಬರ್ತಿದೆಯಾ ಅಂತ ಚೆಕ್ ಮಾಡ್ತಿದಾರೆ. ಮತ್ತೆ ತಲೆಗೆ ಎಣ್ಣೆ ಹಾಕೋದು ಬಿಟ್ಟಿದಾರೆ. ಹೇರ್ ಆಯಿಲ್ ಇಂದ ಆಗಿರ್ಬೋದು ಅಂತ."

ನಾನು ಇದನ್ನೂ ನಂಬಲಿಲ್ಲ. ಸಿಕ್ಕಿಬಿದ್ದ ಗುತ್ತಿಗೆದಾರರು ನನ್ನ ಎದುರು ಅತ್ತದ್ದುಂಟು, ಎದೆ ಹಿಡಿದುಕೊಂಡು ಕೂತದ್ದುಂಟು. ಎಣ್ಣೆ ಬಿಡುವುದು ಹೊಸ ನಾಟಕ ಎಂದುಕೊಂಡೆ. ಆದರೆ ಮುಂದಿನ ಶುಕ್ರವಾರ ಶೆಡ್ಡಿಗೆ ಹೋದಾಗ ಅವರ ತಲೆ ನೋಡಿ ನನಗೆ ಒಂಥರಾ ಆಯಿತು. ಯಾವಾಗಲೂ ಅಂಟಿಕೊಂಡಿರುತ್ತಿದ್ದ ಕೂದಲು ಒಣಗಿ, ಕೆದರಿ, ಹತ್ತಿ ಬಿಡಿಸಿದ ಹಾಗೆ ನಿಂತಿತ್ತು. ಬೇರೆಯವರ ಕೆಲಸವನ್ನೆಲ್ಲ ವಾಪಸು ಕಳಿಸಿ ಶೆಡ್ಡು ಖಾಲಿ ಮಾಡಿಕೊಂಡಿದ್ದರು. ಚಪ್ಪಲಿ ಹೊರಗೆ ಬಿಡಿ ಅಂದರು. ಮೂರನೆಯ ಸಲ ಬುಡದಿಂದ ಉಜ್ಜಿ, ತೊಳೆದು, ಪ್ರೈಮರು ಹಾಕಿ, ಅದನ್ನೂ ಉಜ್ಜಿ ಸಿದ್ಧ ಮಾಡಿದ ಮುಸುಡು ಮೇಜಿನ ಮೇಲಿತ್ತು. ಅವರು ನನ್ನ ಕೈ ಹಿಡಿದು ಅದರ ಮುಂದೆ ನಿಲ್ಲಿಸಿದರು.

"ಈಶ್ವರಭಾಯಿ, ನೀವು ತಪಾಸಣೆಯ ಮನುಷ್ಯರು. ನನ್ನ ಕಣ್ಣು ನಂಬುವ ಹಾಗಿಲ್ಲ ಈಗ. ನೀವು ನೋಡಿ ಸರಿಯಿದೆ ಅಂದರೆ ಭಾನುವಾರ ಬಣ್ಣ ಹಾಕುತ್ತೇನೆ. ಈ ಸಲವೂ ಕೆಟ್ಟರೆ ಉತ್ತರಾಯಣ ಕಳೆದ ಮೇಲೆ ಗನ್ನು ಮಾರಿಬಿಡುತ್ತೇನೆ." ತಮ್ಮ ಬಲಗೈಯನ್ನು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿಕೊಂಡರು. "ಹವೇ ಹಾಥ ಗಯೋ," ಅಂದರು. ಕೈ ಹೋಯಿತು ಇನ್ನು, ಅಂತ.

ನಾನು ನೋಡಿದೆ. ಎಳೆದು ಹಿಸುಕಲು ಅಲ್ಲಿ ಏನೂ ಇರಲಿಲ್ಲ, ಬೆರಳಾಡಿಸಿದೆ, ಓರೆಯಾಗಿ ಬೆಳಕಿಗೆ ಹಿಡಿದೆ. ಮಗುವಿನ ಕೆನ್ನೆಯಷ್ಟು ನುಣುಪು. ಮೊದಲ ಸಲ ನನಗೆ, ಇವರು ನಿಜವಾಗಿಯೂ ಕೆಲಸ ಮಾಡುತ್ತಾರೆ ಅನ್ನಿಸಿತು. ಪಾಸು, ಅಂದೆ. ಅವರು ಕಣ್ಣು ಒರೆಸಿಕೊಂಡು ಚಹಾ ಹೇಳಲು ಹೋದರು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಪಾಸು ಮಾಡಿದ ಮಾಲಿಗೆ ಗುರುತು ಹಾಕದೆ ನಾನು ಬಿಟ್ಟದ್ದೇ ಇಲ್ಲ. ಇವತ್ತು ಶುಕ್ರವಾರ, ಬಣ್ಣ ಹಾಕುವುದು ಭಾನುವಾರ, ನಡುವೆ ಎರಡು ದಿನ. ಯಾರಾದರೂ ಬೇರೆ ಮುಸುಡು ತಂದಿಟ್ಟರೆ? ಒಂದೇ ಒಂದು ಸಣ್ಣ ಗುರುತು. ಭಾನುವಾರ ಒಂಬತ್ತಕ್ಕೆ ಎಲ್ಲರಿಗಿಂತ ಮೊದಲು ಬಂದು, ನೀರು ಚಿಮುಕಿಸಿ ನೋಡಿ, ಚೆನ್ನಾಗಿ ಒರೆಸಿಬಿಟ್ಟರಾಯಿತು. ಹೀಗೆ ಯೋಚಿಸಿ ಮುಗಿಸುವ ಹೊತ್ತಿಗೆ ಕೈ ಬರೆದು ಮುಗಿಸಿತ್ತು.

ಭಾನುವಾರ ಒಂಬತ್ತಕ್ಕೆ ನಾನೂ ಮೈತ್ರಿಯೂ ಗೋರ್ವಾ ತಲುಪಿದಾಗ ಶೆಡ್ಡಿನೊಳಗಿಂದ ಕಂಪ್ರೆಸರಿನ ಸದ್ದು ಬರುತ್ತಿತ್ತು. ರಘುರಾಮ ಸೂರತ್ತಿನಿಂದ ಬೆಳಿಗ್ಗೆ ಎಂಟಕ್ಕೇ ಬಂದು ಕೂತಿದ್ದ. ಗಾಳಿ ಏಳುವ ಮೊದಲೇ ಮುಗಿಸೋಣ ಎಂದು ಜಯಂತಿಭಾಯಿ ಶುರು ಮಾಡಿಯೇಬಿಟ್ಟಿದ್ದರು. ನಾನು ಬಾಗಿಲಿಗೆ ಬರುವಾಗ ಗನ್ನು ಬಲಮೂಲೆಯ ಮೇಲೆ ಕೊನೆಯ ಸಲ ಹಾದು, ಸದ್ದು ನಿಂತಿತು. ಮುಸುಡು ಕೆಂಪಗೆ ಥಳಥಳಿಸುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಬಿಗಿಹಿಡಿದವನು ನಾನು, ಏಕೆಂದರೆ ಎಲ್ಲಿ ನೋಡಬೇಕೆಂದು ಗೊತ್ತಿದ್ದವನು ನಾನೊಬ್ಬನೇ.

ಬಲಮೂಲೆಯಲ್ಲಿ ಬಣ್ಣ ಮೆಲ್ಲಗೆ ಸರಿಯತೊಡಗಿತು. ಒಂದು ಕುಳಿ, ಅದರ ಪಕ್ಕ ಇನ್ನೊಂದು, ಒಂದಕ್ಕೊಂದು ಕೂಡಿ ಗೆರೆಯಾಗಿ, ಗೆರೆ ಬಾಗಿ ಸುತ್ತಿಕೊಂಡು ಬಂತು. ಜಯಂತಿಭಾಯಿ ಗನ್ನನ್ನು ನೆಲದ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದರು. ಕೆದರಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ರಘುರಾಮ ಬಗ್ಗಿ ನೋಡಿದ. ಇಪ್ಪತ್ತೈದು ವರ್ಷ ಕಾವಲಿಯ ಮುಂದೆ ನಿಂತವನು ಅವನು. "ಇದಕ್ಕೆ ಎಂತದೋ ಜಿಡ್ಡು ತಾಗಿದೆ ಭಾವ," ಅಂದ. "ಕಾವಲಿಗೆ ಎಣ್ಣೆ ಜಾಸ್ತಿಯಾದ್ರೆ ದೋಸೆ ಹಿಟ್ಟು ಹೀಗೇ ಓಡ್ತದೆ, ಹಿಡಿಯುದೇ ಇಲ್ಲ. ಒಮ್ಮೆ ತಾಗಿದ ಮೇಲೆ ನೀವು ಎಷ್ಟು ಉಜ್ಜಿ, ಉಜ್ಜಿದಷ್ಟೂ ಜಿಡ್ಡು ಅಗಲ ಆಗುದೇ ಹೊರತು ಹೋಗುದಿಲ್ಲ. ಪಾಪ, ಇವ್ರು ಉಜ್ಜಿ ಉಜ್ಜಿ ಮೂಲೆಗೆಲ್ಲ ಬಳ್ದಿದ್ದಾರೆ."

ಉಜ್ಜದವನನ್ನು ಹಿಡಿಯಲು ನಾನು ಒಡ್ಡಿದ ಬಲೆ ಉಜ್ಜಿದವನನ್ನೂ ಹಿಡಿಯುತ್ತಿತ್ತು. ಮೊದಲ ಸಲವೂ ಅವರು ಉಜ್ಜಿದ್ದರು. ಎರಡನೆಯ ಸಲವೂ ಉಜ್ಜಿದ್ದರು. ಈ ಸಲ ಮಾತ್ರ ಉಜ್ಜುವುದೆಲ್ಲ ಮುಗಿದ ಮೇಲೆ ಬರೆದದ್ದು, ಬಳಿದುಹೋಗದೆ ಹಾಗೆಯೇ ಉಳಿದಿತ್ತು. ಈ ಮೂಲೆಯ ಪ್ರತಿಯೊಂದು ಕುಳಿಯೂ ನನ್ನದು. ಹಾಗಾದರೆ ಆ ಟಾರ್ಪಾಲಿನವನಾದರೂ ನಿಜವಾಗಿ ಕಳ್ಳನೇ ಎಂಬ ಒಂದು ಸಂಶಯ ನನ್ನೊಳಗೆ ಹಾದುಹೋಯಿತು. ಮೂವತ್ತೊಂದು ವರ್ಷದಲ್ಲಿ ನನ್ನ ಮೇಲೆ ನನಗೆ ಬಂದ ಮೊದಲ ಸಂಶಯ ಅದು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನಿಜ ಹೇಳಬೇಕೆಂದರೆ, ಹೇಳದೆ ಉಳಿಯಬಹುದೇ ಎಂದೂ ಅದೇ ಹೊತ್ತಿಗೆ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮೈತ್ರಿ ಮುಂದೆ ಬಂದು, ಹಣೆ ಗಂಟಿಕ್ಕಿ, ಕುಳಿಗಳನ್ನೇ ದಿಟ್ಟಿಸಿದಳು.

"ಪಪ್ಪಾ," ಅಂದಳು, "ಇದು ನಮ್ಮ ಅಂಬ್ರೆಲ್ಲಾ ಮೇಲೆ ಇದೆ ಅಲ್ವಾ? ಮಿಕ್ಸಿ ಕೆಳಗೂ ಇದೆ. ಇದು 'ಈ'."

ಕನ್ನಡದ ಒಂದಕ್ಷರವೂ ನನ್ನ ಮಗಳ ತಲೆಯಲ್ಲಿ ನಿಂತಿಲ್ಲ ಎಂದು ಕೊರಗುತ್ತಿದ್ದೆನಲ್ಲ, ಒಂದು ನಿಂತಿತ್ತು. ರಘುರಾಮ ಕುಳಿಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕುಳಿಗಳನ್ನು ನೋಡಿದ. "ಹೌದು ಮಾರಾಯ್ರೆ," ಅಂದ ಮೆಲ್ಲಗೆ, "ಈಶ್ವರನ 'ಈ'." ಜಯಂತಿಭಾಯಿ ತಲೆ ಎತ್ತಿ, ಏನಂತೆ ಬೇಟಾ, ಎಂದು ಮೈತ್ರಿಯನ್ನು ಕೇಳಿದರು. ಅವಳು ಉತ್ತರ ಕೊಡುವ ಮೊದಲು ನಾನು ಜೇಬಿನಿಂದ ಮೇಣದಬತ್ತಿಯ ತುಂಡು ತೆಗೆದು ಅವರ ಮುಂದೆ ಹಿಡಿದೆ. ನನ್ನ ಹಿಂದಿ ಯಾವತ್ತೂ ಅಷ್ಟು ಕೆಟ್ಟದಾಗಿರಲಿಲ್ಲ. ಆದರೂ ಎಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಮೂರೂ ಸಲ?"

"ಮೂರೂ ಸಲ," ಅಂದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ತಮ್ಮ ಬಲಗೈಯನ್ನು ಮತ್ತೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಈ ಸಲ ಬೇರೆಯ ಥರ ನೋಡಿದರು. ಆಮೇಲೆ ಹೊರಗೆ ಹೋಗಿ ಫೋನು ಹಚ್ಚಿದರು. ವಟ್ವಾದ ಕನುಭಾಯಿಗೆ. ಆ ಕಡೆಯಿಂದ ಎತ್ತಲಿಲ್ಲ. ಮತ್ತೆ ಹಚ್ಚಿದರು, ಎತ್ತಲಿಲ್ಲ. ಒಳಗೆ ಬಂದು, "ನನ್ನ ಕೈ ಉಳಿಯಿತು ಈಶ್ವರಭಾಯಿ. ಕನು ಉಳಿಯಲಿಲ್ಲ," ಅಂದರು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ, ಅತ್ತೆಮನೆಯ ಹಾಸಿಗೆ ಬಿಚ್ಚಿದಾಗಲೂ.

ಸೋಮವಾರ ರಜೆ ಹಾಕಿ ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ. ವಟ್ವಾದಲ್ಲಿ ಕನುಭಾಯಿಯ ಅಂಗಡಿ ಹುಡುಕಿ, ಗಿರಾಕಿಗಳ ಎದುರಿಗೇ ನಿಂತು, ತಪ್ಪು ಥಿನ್ನರಿನದಲ್ಲ, ನನ್ನ ಮೇಣದಬತ್ತಿಯದು ಎಂದು ಹೇಳಿ ಕೈ ಮುಗಿದೆ. ಕುಳ್ಳಗೆ ಗುಂಡಗಿದ್ದ ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸರ್ಕಾರಿ ಕೆಲಸದವರಾ?" ಅಂದರು. ಹೌದು ಅಂದೆ. ಅದರಿಂದ ಅವರಿಗೆ ಎಲ್ಲ ಅರ್ಥವಾದಂತೆ ಕಂಡಿತು. ಚಹಾ ತರಿಸಿದರು. ಹೊರಡುವಾಗ ಜಯಂತಿಭಾಯಿಗೆಂದು ಥಿನ್ನರಿನ ಒಂದು ಹೊಸ ಡಬ್ಬ ಕಟ್ಟಿಸಿದರು. ಆಮೇಲೆ ಏನೋ ಯೋಚಿಸಿ, ನನ್ನ ಮುಖ ನೋಡಿ, ಅದನ್ನು ನನ್ನ ಕೈಗೆ ಕೊಡದೆ ಒಳಗಿಟ್ಟರು. "ನಾನೇ ತರುತ್ತೇನೆ," ಅಂದರು.

ನಾಲ್ಕನೆಯ ಸಲ ಬಣ್ಣ ಹಾಕಿದ ದಿನ ಕನುಭಾಯಿ ಬಂದಿದ್ದರು. ಇಬ್ಬರು ಮುದುಕರೂ ಸೇರಿ, ಜಿಡ್ಡು ತೆಗೆಯುವ ದ್ರಾವಣದಲ್ಲಿ, ಒಂದು ಒರೆಸಿಗೆ ಒಂದು ಹೊಸ ಬಟ್ಟೆಯಂತೆ, ಮುಸುಡನ್ನು ತೊಳೆದದ್ದೇ ತೊಳೆದದ್ದು. ನನ್ನನ್ನು ಚಪ್ಪಲಿಗಳ ಪಕ್ಕದಲ್ಲಿ ಬಾಗಿಲಾಚೆ ನಿಲ್ಲಿಸಿದ್ದರು. ಒಳಗೆ ಕರೆಯುವ ಮೊದಲು ಮೈತ್ರಿ ನನ್ನ ಅಂಗಿಯ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ಹೊರಗೆಳೆದು ನೋಡಿ, "ಪಾಸ್," ಅಂದಳು. ಜಯಂತಿಭಾಯಿಯ ತಲೆ ಮತ್ತೆ ಎಣ್ಣೆಯಲ್ಲಿ ಮಿಂಚುತ್ತಿತ್ತು. ಮುಸುಡು ಅದಕ್ಕಿಂತ ಮಿಂಚುತ್ತಿತ್ತು. ಬಲಮೂಲೆಯಲ್ಲಿ ಒಂದು ಸಾಸಿವೆಯಷ್ಟು ಕುಳಿಯೂ ಇರಲಿಲ್ಲ. ನಾನು ಬೆರಳಾಡಿಸಲು ಕೈ ಚಾಚಿದೆ, ನಾಲ್ಕು ಕೈಗಳು ಒಟ್ಟಿಗೆ ನನ್ನನ್ನು ತಡೆದವು.

ಬಣ್ಣ ಒಣಗಿದ ಮೇಲೆ ಜಯಂತಿಭಾಯಿ ಮುಸುಡನ್ನು ಬೋರಲು ಹಾಕಿ, ಒಳಮೈಯ ಬಿಳಿ ಫೈಬರನ್ನು ತೋರಿಸಿದರು. ಒಂದು ಸಣ್ಣ ಕುಂಚವನ್ನು ಅದೇ ಕೆಂಪಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. "ಇಲ್ಲಿ ಹಾಕಿ ನಿಮ್ಮ ಗುರುತು. ಯಾರಿಗೂ ಕಾಣುವುದಿಲ್ಲ, ಯಾವುದೂ ಕೆಡುವುದಿಲ್ಲ." ಅಷ್ಟು ಜನರ ಎದುರು, ಬೆಳಕಿನಲ್ಲಿ, ನಾನು ಗುರುತು ಹಾಕಿದ್ದು ಅದೇ ಮೊದಲು. ಸ್ವಲ್ಪ ಸೊಟ್ಟಗಾದರೂ 'ಈ' ಮೂಡಿತು. ಕೆಳಗೆ ಅವರು ತಮ್ಮ ಹೆಸರಿನ ಗುಜರಾತಿ ಅಕ್ಷರ ಬರೆದರು.

ಉತ್ತರಾಯಣಕ್ಕೆ ದೋಣಿ ಸೂರತ್ತಿನ ತಾಪಿ ನದಿಯಲ್ಲಿ ಓಡಿತು. ರಘುರಾಮ ಮೊಬೈಲಿಗೆ ಫೋಟೋ ಕಳಿಸಿದ್ದಾನೆ. ನೀಲಿ ನೀರು, ಮುಂದೆ ಕೆಂಪಗೆ ಮುಸುಡು, ಹಿಂದೆ ಅವನ ಹಲ್ಲು. ಸುಮತಿ, ಮೈತ್ರಿ ಇಬ್ಬರೂ ನೋಡಿ ಸಂತೋಷಪಟ್ಟರು. ನಾನೂ ಪಟ್ಟೆ. ಆಮೇಲೆ ಒಬ್ಬನೇ ಕೂತು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಅದೇ, ಉಬ್ಬು ಅದೇ. ಆದರೆ ಗುರುತು ಇರುವುದು ಒಳಮೈಯಲ್ಲಲ್ಲವೇ, ಫೋಟೋದಲ್ಲಿ ಹೇಗೆ ಕಾಣಬೇಕು? ಟ್ರೈಲರು ರಿವರ್ಸು ತೆಗೆಯುವುದರಲ್ಲಿ ರಘುರಾಮನ ಕೈ ನನಗೆ ಗೊತ್ತು. ಮತ್ತೊಮ್ಮೆ ಶಟರಿಗೆ ಗುದ್ದಿ, ನಮಗೆ ಹೇಳದೆ ಮುಂಬಯಿಯಿಂದ ಬೇರೊಂದು ತರಿಸಿ ಕೂರಿಸಿಲ್ಲ ಅನ್ನಲು ಏನು ಆಧಾರ? ಹಾಗೇ ಆಗಿದೆ ಎಂದು ನಾನು ಹೇಳುವುದಿಲ್ಲ, ಸುಮ್ಮನೆ ಅನ್ನಿಸಿತು ಅಷ್ಟೆ. ಬರುವ ಭಾನುವಾರ ಸೂರತ್ತಿಗೆ ಟಿಕೆಟ್ಟು ಮಾಡಿಸಿದ್ದೇನೆ, ಎಷ್ಟಾದರೂ ಹೆಂಡತಿಯ ತಮ್ಮನಲ್ಲವೇ, ನೋಡಿ ಬಹಳ ದಿನವಾಯಿತು. ಸುಮತಿ ಹೋಗಬೇಡಿ ಅನ್ನಲಿಲ್ಲ. ಹೊರಡುವಾಗ ಜೇಬು ತೋರಿಸಿ ಹೋಗಿ ಅಂದಳು, ಅಷ್ಟೆ.